ಮೀಟಿಂಗಿನಲ್ಲಿ ಇಲ್ಲದವಳ ಮಾತು

ಮಂಗಳವಾರ, ಜುಲೈ ೯

ಇವತ್ತು ಮರ್ಯಾದೆ ಹೋಯಿತು.

ಯಾರದೋ ಆಫೀಸಿನ ಮೀಟಿಂಗ್ ರೆಕಾರ್ಡಿಂಗ್ ಕೇಳಿ, ಆಡಿದ್ದನ್ನೆಲ್ಲ ಟೈಪ್ ಮಾಡಿ ಕಳಿಸುವುದು ನನ್ನ ಫ್ರೀಲ್ಯಾನ್ಸ್ ಕೆಲಸ. ಮನೆಯಲ್ಲೇ, ಒಬ್ಬಳೇ. ಈಗ ಕೆಲಸ ಕೊಡುತ್ತಿರುವ ಆಫೀಸಿನವರ ಮುಖ ನೋಡಿಲ್ಲ, ಆದರೆ ಕೆಮ್ಮಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಅವರ ಜೋಕಿಗೆ ನಾನೂ ನಗುತ್ತೇನೆ. "ನಿನಗೇನು, ತಲೆ ಮೇಲೆ ಬಾಸ್ ಇಲ್ಲ, ರಾಣಿ ಹಾಗಿದ್ದೀಯ" ಅನ್ನುತ್ತಾಳೆ ಅಕ್ಕ. ಇವತ್ತು ಮಧ್ಯಾಹ್ನ ಆ ಆಫೀಸಿನ ಮ್ಯಾನೇಜರ್ ಫೋನ್ ಮಾಡುವವರೆಗೆ ರಾಣಿಗೆ ಬಾಯಿ ಬಿಡುವ ಪ್ರಸಂಗವೇ ಬಂದಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹಲೋ ಅಂದೆ.

"ಮೇಡಂ, ಕೊನೆಯಲ್ಲಿ ನಾನು 'ಎಲ್ಲರದ್ದೂ ಊಟ ಆಯ್ತಾ' ಅಂತ ಕೇಳಿದ್ದೀನಲ್ಲ, ಅದರ ಕೆಳಗೆ 'ನಂದಿನ್ನೂ ಇಲ್ಲ' ಅಂತ ಇದೆ. ಯಾರು ಹೇಳಿದ್ದು? ನಮ್ಮವರ್ಯಾರೂ ಅಲ್ವಂತೆ."

ಕಿವಿಗೆ ಬಿದ್ದ ಪ್ರಶ್ನೆಗೆ ನನ್ನ ಬೆರಳುಗಳೇ ಉತ್ತರ ಕೊಟ್ಟುಬಿಟ್ಟಿವೆ.

"ಯಾರೂ ಇಲ್ಲ ಸರ್. ತಪ್ಪಿ ಬಿದ್ದಿದೆ, ತೆಗೆದುಬಿಡಿ."

"ತೆಗೆದೆ" ಅಂದರು. ಫೋನ್ ಇಟ್ಟರು.

ಈಗ ಆ ಜಾಗವನ್ನೇ ಮತ್ತೆ ಹಾಕಿ ಕೇಳಿದೆ. ಎಷ್ಟು ಅಕ್ಕರೆಯಿಂದ ಕೇಳುತ್ತಾರೆ, ಎಲ್ಲರದ್ದೂ ಊಟ ಆಯ್ತಾ ಅಂತ. ಈ ಸಲ ಬಾಯಿಬಿಟ್ಟೇ "ಇಲ್ಲ" ಅಂದೆ. ಇನ್ನೊಂದು ಸಲ ಹಾಕಿ ಕೇಳಿದೆ.