ಪುಸ್ತಕದ ಮೇಲಿನ ಕೆಂಧೂಳು

ಫ್ರಾಂಕ್‌ಫರ್ಟ್, ಅಕ್ಟೋಬರ್ 2006

ಪಂಪಾವತಿ ಅಕ್ಕನಿಗೆ ಶಂಭುಲಿಂಗನ ನಮಸ್ಕಾರ.

ಪುಸ್ತಕ ಮೇಳದಲ್ಲಿ ನನ್ನ ಕಾದಂಬರಿಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದಾರೆ. ಕನ್ನಡ ಬಲ್ಲವರು ಯಾರೂ ಇಲ್ಲ. ದಿನವಿಡೀ ಅದರ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತೇನೆ. ಇಂದು ವಯಸ್ಸಾದವರೊಬ್ಬರು ಇಂಗ್ಲಿಷ್ ಸಾರಾಂಶ ಓದಿ, ವಿಜಯನಗರದ ದಂಡನಾಯಕನನ್ನು ಕೊಂದವನು ಅಡಗುವ ಗುಡ್ಡ ನಿಜವಾಗಿಯೂ ಇದೆಯೇ ಎಂದು ಕೇಳಿದರು. ಬಂಡ್ರಿಯ ನಮ್ಮ ಹಿತ್ತಲಿನಿಂದಲೇ ಕಾಣುತ್ತದೆ ಎಂದೆ. ಆ ಗುಡ್ಡವನ್ನೇ ಅಗೆದು ಅದಿರಿನ ಲಾರಿಗಳಲ್ಲಿ ಬಂದರಿಗೆ ಸಾಗಿಸುತ್ತಿದ್ದಾರೆ ಎಂದು ಮಾತ್ರ ಹೇಳಲಿಲ್ಲ. ಇನ್ನೆಷ್ಟು ಉಳಿದಿದೆ ಎಂದು ನೀನೂ ಫೋನಿನಲ್ಲಿ ಹೇಳಬೇಡ.

ಹೊರಡುವಾಗ ನೀನು, "ತಡಿಯಲೇ ಶಂಭು, ಪುಸ್ತಕದ ಧೂಳು ಒರಸಿ ಕೊಡ್ತೀನಿ, ಭಾಳ ಕೆಂಪಾಗೈತಿ" ಅಂದಿದ್ದೆ. ಬಸ್ಸಿನ ಅವಸರದಲ್ಲಿ ಹಾಗೇ ತಂದುಬಿಟ್ಟಿದ್ದೆ. ಆ ಹಿರಿಯರು ಹೋದ ಮೇಲೆ ಮಳಿಗೆಯಾಕೆ ಅದನ್ನು ಬಿಳಿ ಬಟ್ಟೆಯಿಂದ ಚೊಕ್ಕವಾಗಿ ಒರೆಸಿಟ್ಟಳು. ಬಟ್ಟೆ ಕೆಂಪಾಯಿತು. ನಾನು ಆ ಬಟ್ಟೆಯನ್ನು ಕೇಳಿ ತೆಗೆದುಕೊಂಡೆ. ಆಕೆಗೆ ಏಕೆಂದು ತಿಳಿಯಲಿಲ್ಲ.

ದೀಪಾವಳಿಗೆ ಊರಿಗೆ ಬರುತ್ತೇನೆ. ನಾನು ಬಂದು ಕೂರುವ ಮೊದಲೇ ನೀನು ಚೀಲ ಬಿಚ್ಚಿ ಎಲ್ಲವನ್ನೂ ಬಕೆಟ್ಟಿಗೆ ಹಾಕುತ್ತೀಯ. ಈ ಸಲ ಆ ಬಟ್ಟೆಯೊಂದನ್ನು ಮಾತ್ರ ಒಗೆಯಬೇಡ.

ನಿನ್ನ ತಮ್ಮ,
ಶಂಭು