ಆ ದಡದ ಲಕ್ಕಿ ಕೋಲು

ಸಿದ್ದರಬೆಟ್ಟದ ಬುಡ,
ಕೊರಟಗೆರೆ ತಾಲ್ಲೂಕು
೨-೧೦-೨೦೨೩, ಸೋಮವಾರ

ಅಕ್ಕ ಹನುಮಕ್ಕನಿಗೆ, ನಿನ್ನ ತಮ್ಮ ತಿಪ್ಪೇಶ ಕಾಲುಮುಟ್ಟಿ ಬರೆಯುವುದು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಎಷ್ಟು ಬೇಕಾದರೂ ಬೈಯಿ. ಪಂಚಾಯಿತಿ ನೀರುಗಂಟಿಗೆ ಬಿಡುವೆಲ್ಲಿ, ಬೆಳಗಾದರೆ ವಾಲ್ವ್ ತಿರುಗಿಸಬೇಕು, ಮೋಟರು ಸುಟ್ಟರೆ ಊರವರ ಬಾಯಿಗೆ ಬೀಳಬೇಕು ಎಂದು ನೆಪ ಹೇಳಬಹುದಿತ್ತು. ಆದರೆ ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ಕರಿ ಮೇಕೆ ಎರಡು ಮರಿ ಹಾಕಿದೆ.

ನೀನು ಎರಡು ಮಾತು ಬರೆದಿದ್ದೆ. ಹೊಳೆ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಭಾವ ಯಾವ ದಾರಿಯಲ್ಲಿ ಹೋದರು ಎಂದು ತಿಳಿಸು ಅಂತ ಒಂದು. ಈ ಸಲ ಹಿರಿಯರ ಹಬ್ಬಕ್ಕೆ ಅವರಿಗೆ ಎಡೆ ಇಡುವುದಿಲ್ಲ ಅಂತ ಇನ್ನೊಂದು. ಮೊನ್ನೆ ನಿನ್ನ ಮಗಳು ಯಶೋದ ಫೋನಿನಲ್ಲಿ ಅತ್ತಳು. "ಮಾವ, ಅವ್ವ ಅಪ್ಪನ ಫೋಟೊ ಗೋಡೆ ಕಡೀಕೆ ತಿರುಗಿಸ್ಬುಟ್ಟವ್ಳೆ. ಯಾರ ಮಾತೂ ಕೇಳ್ದೆ ತುಂಬಿದ್ ಹೊಳೆಗಿಳಿದೋನ್ಗೆ ಎಡೆ ಬೇರೆ ಕೇಡು ಅಂತಾಳೆ" ಅಂದಳು. ಅಮಾವಾಸ್ಯೆಗೆ ಇನ್ನು ಹನ್ನೆರಡೇ ದಿನ. ಅದಕ್ಕೇ ಇವತ್ತು ಹಟ ಹಿಡಿದು ಕೂತಿದ್ದೇನೆ.

ನಮ್ಮ ಸುವರ್ಣಮುಖಿ ಬೆಟ್ಟದ ಮೇಲೆ ಹೊಳೆಯೇ ಅಲ್ಲ, ಬಂಡೆ ಸಂದಿಯ ಒಸರು. ಕುರುಚಲು ಕಾಡಿನ ಎರಡು ಮೂರು ಹಳ್ಳ ಕೂಡಿದ ಮೇಲೆ ಅದಕ್ಕೆ ಹೊಳೆ ಎಂಬ ಮರ್ಯಾದೆ. ನಮ್ಮೂರ ಹೊಂಗೆ ಸಾಲಿನ ಹತ್ತಿರ ಮರಳಿಗೆ ಇಳಿಯುತ್ತದೆ. ಇಪ್ಪತ್ತು ವರ್ಷ ಆ ಮರಳ ಕೆಳಗೇ ಹರಿಯಿತು. ಬೇಸಿಗೆಯಲ್ಲಿ ನಾವಿಬ್ಬರೂ ಮರಳಲ್ಲಿ ತಲಪರಿಗೆ ತೋಡಿ, ಒರತೆ ತಿಳಿಯಾಗಲೆಂದು ಕಾದು ಕೂತು, ಚೊಂಬಿನಲ್ಲಿ ಮೊಗೆಯುತ್ತಿದ್ದೆವಲ್ಲ? ಅಲ್ಲಿಂದ ಹೊಳೆ ಕೊರಟಗೆರೆ ಪಕ್ಕ ಹಾದು, ದೇವರಾಯನದುರ್ಗದಿಂದ ಬರುವ ಜಯಮಂಗಲಿಯನ್ನು ಸೇರುತ್ತದೆ. ಎರಡೂ ಒಂದಾಗಿ ಮಧುಗಿರಿ ತಾಲ್ಲೂಕಿಗೆ ಹೋಗಿ, ನಿಮ್ಮೂರ ಹಿತ್ತಿಲು ಬಳಸಿ, ಆಂಧ್ರದ ಕಡೆ ಪಿನಾಕಿನಿಗೆ ಬೀಳುತ್ತವೆ. ಭಾವ ನಮ್ಮೂರಿಂದ ಎರಡು ಹೊಳೆ ಕೂಡುವ ತನಕ ಹೋದರು. ಅಲ್ಲಿನ ಕೇದಗೆ ಮೆಳೆ ಅವರನ್ನು ಹಿಡಿದು ನಿಲ್ಲಿಸಿತು. ಮೂರನೆಯ ದಿನ ಸಿಕ್ಕಿದ್ದು ಅಲ್ಲೇ.

ಅಪ್ಪನ ಕಾಲ ನೆನಪಿದೆಯಾ? ಹೊಸ ನೀರು ಬಂದ ದಿನ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಈ ದಡದಲ್ಲಿ ಲಕ್ಕಿ ಸೊಪ್ಪು ಕಟ್ಟಿದ ಒಂದು ಕೋಲು ನೆಟ್ಟು, ನೀರಿಗಿಳಿದು ಹೆಜ್ಜೆ ಹೆಜ್ಜೆಗೂ ತಳ ತಡಕುತ್ತ ದಾಟಿ, ಆ ದಡದಲ್ಲಿ ಇನ್ನೊಂದು ನೆಡುತ್ತಿದ್ದ. ನೀರುಗಂಟಿಯ ಎರಡು ಕೋಲೂ ಕಾಣುವ ತನಕ ಊರಿನವರು ಮೇಕೆಯನ್ನೂ ಹೊಳೆಗೆ ಬಿಡುತ್ತಿರಲಿಲ್ಲ. ನೀನು ದಡದಲ್ಲಿ ಕೂತು ಹಗ್ಗದ ತುದಿ ಹಿಡಿದು ಅಳುತ್ತಿದ್ದೆ.

ಭಾವ ನಮ್ಮ ಹೊಳೆಯನ್ನು ಆಡಿಕೊಳ್ಳುತ್ತಿದ್ದರು. ನಮ್ಮ ಮೇಕೆ ಉಚ್ಚೆ ಹೊಯ್ದರೆ ನಿಮ್ಮ ಹೊಳೆಗೆ ಪ್ರವಾಹ ಅನ್ನುತ್ತಿದ್ದರು. ಹೋದ ವರ್ಷ ಶ್ರಾವಣದಲ್ಲಿ ಟಗರು ನೋಡಲು ಬಂದವರು, ಬೆಳಿಗ್ಗೆ ಹೊಳೆಯ ಸದ್ದಿಗೆ ಎದ್ದು ಬರಿಗಾಲಲ್ಲೇ ಓಡಿದರು. ಸೇತುವೆ ಮುಳುಗಿ ಬಸ್ಸು ಆಚೆ ದಡದಲ್ಲೇ ನಿಂತಿತ್ತು. "ಲೇ ತಿಪ್ಪೇಶ, ಈ ನೀರು ನಮ್ಮೂರು ಮುಟ್ಟಾಕೆ ನಾಳೆ ಆಯ್ತದೆ ಕಣ್ಲಾ. ಅದ್ಕೂ ಮುಂಚೆ ಓಗಿ ನಿಮ್ಮಕ್ಕಂಗೆ ನಾನೇ ಹೇಳ್ಬೇಕು. ಮದ್ವೆಯಾದಾಗಿಂದ ತವರಿನ ಹೊಳೆ ತವರಿನ ಹೊಳೆ ಅಂತ ತಲೆ ತಿಂದವ್ಳೆ" ಅಂದರು. ಅಕ್ಕ, ಅವರ ಅವಸರ ಅಷ್ಟೇ ಇದ್ದದ್ದು.

ಮಾರನೆಯ ದಿನ ನೀನು ಹೊಸ ನೀರಿಗೆ ಅರಿಸಿನ ಕುಂಕುಮ ಹಾಕಿ ಕೈ ಮುಗಿದೆಯಂತೆ. ಆ ಕೈ ಸೇದಿಹೋಗಲಿ ಎಂದು ಬರೆದಿದ್ದೀಯ. ಹಾಗೆ ಅನ್ನಬೇಡ. ನಿನಗೆ ಸುದ್ದಿ ಮುಟ್ಟಿರಲಿಲ್ಲ.

ಅವರಿಗೆ ಎಡೆ ಇಡು. ಒಬ್ಬಟ್ಟು ಅಂದರೆ ಪ್ರಾಣ ಬಿಡುತ್ತಿದ್ದರು. ಯಶೋದಳಿಗೆ ನನ್ನ ಆಶೀರ್ವಾದ ಹೇಳು. ಸಿದ್ದೇಶ್ವರ ನಿನ್ನನ್ನು ತಂಪಾಗಿ ಇಟ್ಟಿರಲಿ.

ನಿನ್ನ ತಮ್ಮ,
ತಿಪ್ಪೇಶ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಅವತ್ತು ಹೊಂಗೆ ಸಾಲಿನ ಹತ್ತಿರ, ಅಪ್ಪ ನೆಡುತ್ತಿದ್ದ ಜಾಗದಲ್ಲೇ, ಲಕ್ಕಿ ಕೋಲು ನೆಟ್ಟವನು ನಾನು. ನೀರಿಗೆ ಮಾತ್ರ ಇಳಿಯಲಿಲ್ಲ. ಚಳಿಯಿತ್ತು, ಸೋಮಾರಿತನವಿತ್ತು, ಈ ಜಾಗ ನನಗೆ ಗೊತ್ತಿಲ್ಲವೇ ಎಂಬ ಕೊಬ್ಬೂ ಇತ್ತು. ಅದೇ ಜಾಗದಲ್ಲಿ ಟ್ರ್ಯಾಕ್ಟರುಗಳು ವರ್ಷಗಟ್ಟಲೆ ಮರಳು ಬಗೆದು ತುಂಬಿಕೊಂಡು ಹೋದದ್ದನ್ನು ದಿನಾ ನೋಡಿದವನೂ ನಾನೇ. ಭಾವ ದಡದಲ್ಲಿ ನಿಂತು ಕೇಳಿದರು, "ಆ ದಡದ ಕೋಲು ಕಾಣಾಕಿಲ್ವಲ್ಲೋ?" ಅಂತ. "ಓಗು ಭಾವ, ಮೊಣಕಾಲುದ್ದ ನೀರು" ಅಂದೆ. ಹತ್ತು ಹೆಜ್ಜೆಗೆ ಗುಂಡಿ ಸಿಕ್ಕಿತು. ಒಂದು ವರ್ಷದಿಂದ ಅವರನ್ನು ನೀನು ಬೈಯುವುದನ್ನು ಕೇಳಿಸಿಕೊಂಡು ಸುಮ್ಮನಿದ್ದೇನೆ.

ಅಕ್ಕ, ಅವರ ಫೋಟೊ ಈ ಕಡೆ ತಿರುಗಿಸು. ಭಾವ ಯಾರ ಮಾತೂ ಕೇಳದವರಲ್ಲ. ನನ್ನ ಮಾತು ಕೇಳಿದರು.