ಕಣದ ಇಳಿಜಾರು

ಹಾಸ್ಟೆಲ್, ಮೈಸೂರು
೨೩ ಸೆಪ್ಟೆಂಬರ್ ೨೦೦೨

ಪ್ರೀತಿಯ ಅಪ್ಪನಿಗೆ,

ನಿನ್ನ ಮಂಜುಶ್ರೀ ಬರೆಯುತ್ತಿದ್ದೇನೆ. ನಿನ್ನೆ ನೀನು ಫೋನ್ ಮಾಡಿದಾಗ ನನ್ನ ಹಿಂದೆ ಹುಡುಗಿಯರ ಕ್ಯೂ ಇತ್ತು, ವಾರ್ಡನ್ ಗಡಿಯಾರ ನೋಡುತ್ತಿದ್ದರು. ಅದಕ್ಕೇ ನೀನು ಹೇಳಿದ್ದಕ್ಕೆಲ್ಲ ಹ್ಞೂಂ ಅಂದುಬಿಟ್ಟೆ. "ಭಾನ್ವಾರದ ಮ್ಯಾಚಿಗೆ ಎಸ್ಟೇಟ್ ಜೀಪ್ ಕೇಳಿವ್ನಿ ಕಣವ್ವ. ನಿಮ್ಮವ್ವ, ಪಕ್ಕದ್ಮನೆ ಚಿನ್ನಮ್ಮ, ಕೂಲಿ ಲೈನ್‌ಮನೆಯೋರು ಎಲ್ಲಾ ಬತ್ತೀವಿ. ದ್ಯಾವಯ್ಯ ತಮಟೆ ತತ್ತೀನಿ ಅಂತ ಕುಂತವ್ನೆ" ಅಂದೆಯಲ್ಲ, ಅದಕ್ಕೂ ಹ್ಞೂಂ ಅಂದೆ.

ಅಪ್ಪಾ, ಈ ಸಲ ಬರಬೇಡ. ಸೋಮವಾರ ಇಂಟರ್ನಲ್ಸ್ ಇದೆ, ನೀವು ಬಂದರೆ ಓದಲು ಆಗುವುದಿಲ್ಲ. ಜೀಪಿನಲ್ಲಿ ಅಷ್ಟು ದೂರ ಕೂತರೆ ಅವ್ವನಿಗೆ ವಾಂತಿ. ಇವೆರಡೂ ನಿಜ, ಆದರೆ ಕಾರಣ ಇವಲ್ಲ. ಭಾನುವಾರ ನಾನು ಆಡುತ್ತಿಲ್ಲ. ಬೆಂಚ್ ಮೇಲೆ ಕೂತಿರುತ್ತೇನೆ. ಬಹುಶಃ ಈ ವರ್ಷ ಪೂರ್ತಿ.

ಸಿಟ್ಟಾಗುವ ಮೊದಲು ನಮ್ಮ ಕೋಚ್ ವಿಷಯ ಕೇಳು. ಯೋಸಿಪ್ ಸರ್, ಕ್ರೊಯೇಷಿಯಾದವರು. ವಾರ್ಡನ್ ಅವರನ್ನು ಜೋಸೆಫ್ ಅನ್ನುತ್ತಾರೆ, ಮೆಸ್‌ನವರು ರಷ್ಯಾದೋರು ಅನ್ನುತ್ತಾರೆ. ಸರ್ ಯಾರನ್ನೂ ತಿದ್ದುವುದಿಲ್ಲ. ಅವರ ಹೆಂಡತಿ ಇಲ್ಲಿಗೆ ಯೋಗ ಕಲಿಯಲು ಬಂದಿದ್ದಾರೆ. ಆಕೆಯ ಕಲಿಕೆ ಮುಗಿಯುವವರೆಗೆ ಇವರು ನಮ್ಮ ಕಾಲೇಜಿನ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾರೆ. ಒಂದು ಕಾಲದಲ್ಲಿ ದೊಡ್ಡ ಕ್ಲಬ್‌ಗಳಿಗೆ ಆಡಿದವರು. ಮೆಸ್ ಬಾಗಿಲಲ್ಲಿ ಇವತ್ತಿಗೂ ಹಣೆ ಬಡಿಸಿಕೊಳ್ಳುವಷ್ಟು ಎತ್ತರ.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಶಾಟ್ ಒಂದೂ ಬೀಳಲಿಲ್ಲ. ಎಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್. ಸರ್ ಬೈಯಲಿಲ್ಲ. ನನ್ನ ಹಿಂದೆ ನೆಲದ ಮೇಲೆ ಕೂತು ನನ್ನ ಹಿಮ್ಮಡಿ ನೋಡಿದರು. ವಾಲಿದ ಹಡಗಿನ ಮೇಲೆ ನಿಂತವರ ಹಾಗೆ ಎಸೆಯುತ್ತೀಯಲ್ಲ, ಎಲ್ಲಿ ಕಲಿತೆ ಎಂದು ಕೇಳಿದರು. ನಮ್ಮ ಎಸ್ಟೇಟಿನಲ್ಲಿ, ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ, ನಮ್ಮಪ್ಪ ಸ್ಟೋರ್ ಗೋಡೆಗೆ ರಿಂಗ್ ಹೊಡೆದಿದ್ದಾರೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ರೂಮ್‌ಮೇಟ್ ಅಫ್ಶಾನ್ ಪಕ್ಕದಲ್ಲೇ ಇದ್ದಳು. ಅವಳ ತಂದೆಗೆ ಸಕಲೇಶಪುರದಲ್ಲಿ ಕಾಫಿ ವ್ಯಾಪಾರ. ಅವಳು ಕೈ ತಟ್ಟಿ ಕೂಗಿದಳು: "ಏ ಮಾರಾಯ್ತಿ, ಕಣ ಅಂದ್ರೆ ಇಳಿಜಾರು ಇರ್ಬೇಕಲ್ವೇನೇ? ನೀರು ನಿಂತ್ರೆ ಕಾಫಿಗೆ ಮುಗ್ಗು ಬರಲ್ವಾ? ನಿಮ್ಮಪ್ಪ ಮಗಳಿಗೆ ಗುಡ್ಡದ ಮೇಲಿಂದ ಬಾಲ್ ಎಸೆಯೋದು ಕಲ್ಸವ್ರೆ!"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ನಿಜ ತಾನೆ ಅಪ್ಪಾ? ಸ್ಟೋರ್ ಇರುವುದು ಕಣದ ತಗ್ಗಿನ ಕಡೆ. ಅಲ್ಲಿ ನಾನು ಹಿಂದೆ ಹಿಂದೆ ಸರಿದಷ್ಟೂ ಮೇಲಕ್ಕೆ ಹೋಗುತ್ತಿದ್ದೆ, ರಿಂಗ್ ತಗ್ಗಾಗುತ್ತಿತ್ತು. ಇಲ್ಲಿ ನೆಲ ಮಟ್ಟಸ. ರಜೆ ಬಂದಾಗಲೆಲ್ಲ ನೀನು ಗೋಣಿಚೀಲ ಸರಿಸಿ ಜಾಗ ಮಾಡಿಕೊಟ್ಟು, "ಬುಡವ್ವ, ಕೈ ಸಡ್ಲ ಬುಡು, ಅದೇ ಹೋಯ್ತದೆ" ಎಂದು ಕಲಿಸಿದ್ದು ನನ್ನ ಮೊಣಕೈಯಲ್ಲಿ ಕೂತುಬಿಟ್ಟಿದೆ.

ಆ ಸಂಜೆ ಸರ್ ತಮ್ಮ ಕಥೆ ಹೇಳಿದರು. ಅವರದು ಒಂದು ದ್ವೀಪ. ಬಂದರಿಗೆ ಅಂಟಿಕೊಂಡೇ ಕೋರ್ಟ್. ಅಲ್ಲಿ ಬುರಾ ಅಂತ ಒಂದು ಗಾಳಿ, ಬೀಸಿದರೆ ಒಂದೇ ಕಡೆಯಿಂದ. ರಿಂಗಿನ ಪಕ್ಕಕ್ಕೆ ಗುರಿಯಿಟ್ಟು ಎಸೆದರೆ ಗಾಳಿಯೇ ಚೆಂಡನ್ನು ಒಳಗೆ ಹಾಕುತ್ತಿತ್ತಂತೆ. ದ್ವೀಪಕ್ಕೆಲ್ಲ ಅವರೇ ಹೀರೋ. ಹದಿನೇಳಕ್ಕೆ ನಗರದ ಕ್ಲಬ್ ಕರೆಸಿಕೊಂಡಿತು. ಅಲ್ಲಿ ಆಟ ಕಟ್ಟಡದೊಳಗೆ, ಗಾಳಿಯೇ ಇಲ್ಲ. ಅಲ್ಲಿನ ವಯಸ್ಸಾದ ಕೋಚ್, ಒಂದು ವರ್ಷ ಕೂತು ಕೈ ತಿದ್ದಿಕೋ ಎಂದರಂತೆ. ಕೂರಲು ಇವರಿಗೆ ಮರ್ಯಾದೆ ಅಡ್ಡ ಬಂತು. ಓಟದಲ್ಲಿ, ಪಾಸ್ ಕೊಡುವುದರಲ್ಲಿ ಗಟ್ಟಿಗರು, ಹಾಗಾಗಿ ಹೇಗೋ ನಡೆಯಿತು. ಕ್ಲಬ್ಬಿನಿಂದ ಕ್ಲಬ್ಬಿಗೆ ಹೋದರು. ಆದರೆ ಕೊನೆಯ ನಿಮಿಷದಲ್ಲಿ ಚೆಂಡನ್ನು ಯಾರೂ ಅವರ ಕೈಗೆ ಕೊಡುತ್ತಿರಲಿಲ್ಲವಂತೆ. ಆಮೇಲೆ ಅವರ ದೇಶದಲ್ಲಿ ಯುದ್ಧ. ಮಂಡಿಯೂ ಹೋಯಿತು. ಯುದ್ಧ ಮುಗಿದ ಮೇಲೆ ಒಂದು ಶಾಲೆಯ ಮಕ್ಕಳಿಗೆ ಕಲಿಸಲು ನಿಂತರು. ಅಲ್ಲೊಬ್ಬ ಪುಟ್ಟ ಹುಡುಗಿಗೆ ನಿಧಾನವಾಗಿ ತೋರಿಸಿಕೊಡುತ್ತಾ ತಾವೇ ಮೊದಲ ಸಲ ನೆಟ್ಟಗೆ ಎಸೆದರಂತೆ. ಆ ಶಾಟ್ ನೋಡಿದ್ದು ಅವಳೊಬ್ಬಳೇ. ಇದನ್ನು ಹೇಳಿ ಸರ್ ಬಗ್ಗಿ ಶೂ ಲೇಸ್ ಕಟ್ಟಿಕೊಂಡರು.

ಅದಕ್ಕೇ ನನ್ನನ್ನು ಬೆಂಚ್ ಮೇಲೆ ಕೂರಿಸಿದ್ದಾರೆ. ದಿನಾ ಬೆಳಿಗ್ಗೆ ರಿಂಗೇ ಇಲ್ಲದ ಗೋಡೆಗೆ ಎಸೆಯುತ್ತೇನೆ. ಈಗ ಮೊದಲಿಗಿಂತ ಕೆಟ್ಟಿದೆ. ಹಳೆಯದು ಹೋಗುತ್ತಿದೆ, ಹೊಸದು ಬಂದಿಲ್ಲ. ಬರದೇ ಹೋದರೆ? ಅಫ್ಶಾನ್‌ಳನ್ನು ಕೇಳಿದರೆ, "ಬರ್ದಿದ್ರೆ ನಮ್ಮಂಗಡೀಲಿ ಕಾಫಿ ತೂಗುವಿಯಂತೆ, ಮಲ್ಕೊಳ್ಳೇ" ಅನ್ನುತ್ತಾಳೆ.

ನಿನ್ನ ತಪ್ಪೇನಿಲ್ಲ ಅಪ್ಪಾ. ಆ ಕಣ ಇಲ್ಲದಿದ್ದರೆ ನಾನು ಬಾಲನ್ನೇ ಮುಟ್ಟುತ್ತಿರಲಿಲ್ಲ. ಆದರೆ ನೀವೆಲ್ಲ ಜೀಪಿನಿಂದ ಇಳಿದು, ನಾನು ಬೇರೆಯವರ ಟವೆಲ್ ಹಿಡಿದು ಕೂತಿರುವುದನ್ನು ನೋಡಿ, ವಾಪಸ್ ನಮ್ಮ ಮಾರನಹಳ್ಳಿಯವರೆಗೂ ಯಾರೂ ಮಾತಾಡದೆ ಹೋಗುವುದು ಇದೆಯಲ್ಲ, ಅದನ್ನು ನೆನೆಸಿಕೊಳ್ಳಲೂ ನನ್ನಿಂದಾಗದು. ಸರ್ ಮೇಲೆ ಸಿಟ್ಟಿದ್ದರೆ ಅಲ್ಲೇ ಬೈದುಕೋ. ಬರಬೇಡ.

ಅವ್ವನಿಗೆ ಓದಿ ಹೇಳುವಾಗ ಬಾತ್‌ರೂಮಿನ ಸಾಲು ಬಿಟ್ಟುಬಿಡು.

ನಿನ್ನ ಮಗಳು,
ಮಂಜುಶ್ರೀ

ಕವರ್ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ: ನನ್ನನ್ನು ಕೂರಿಸಿದ್ದು ಸರ್ ಅಲ್ಲ. ಭಾನುವಾರ ಆಡುವ ಐವರಲ್ಲಿ ನನ್ನ ಹೆಸರೂ ಇತ್ತು. ಸರ್ ನನಗೆ, ನಿನ್ನ ಓಟ ನಮಗೆ ಬೇಕು, ಹಳೆಯ ಕೈಯಲ್ಲೇ ಆಡು, ಇಲ್ಲವೇ ಕೂತು ತಿದ್ದಿಕೋ, ನೀನೇ ಹೇಳು ಅಂದಿದ್ದರು. ಕೂರುತ್ತೇನೆ ಅಂದವಳು ನಾನೇ. ಅವರ ಮೇಲೆ ಹಾಕಿದರೆ ನಿನಗೆ ಬೈಯಲು ಒಬ್ಬರು ಸಿಗುತ್ತಾರೆ ಅಂದುಕೊಂಡೆ. ಬಾ ಅಪ್ಪಾ. ಎಲ್ಲರನ್ನೂ ಕರೆದುಕೊಂಡೇ ಬಾ. ಬೆಂಚಿನ ಹಿಂದೆ ಮೆಟ್ಟಿಲುಗಳಿವೆ, ಅಲ್ಲಿ ಕೂತುಕೊಳ್ಳಿ. ನಾನು ತಿರುಗಿ ನೋಡದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಆಟ ನೋಡುತ್ತಿರುತ್ತೇನೆ.